ಪಟ್ಟಿಯಲ್ಲಿ ‘ಮೀಡಿಯಂ’, ಆಟದಲ್ಲಿ ಹೆಣ: ಕಾಳಗದ ತೂಕ ನೋಡುವುದು ಹೇಗೆ?

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಪಾತ್ರವಾಗಿ ಆಡುವ ಆಟದ ಐದನೇ ಆವೃತ್ತಿಗೆ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಆಗಿ ಕೆಲವೇ ತಿಂಗಳಾಯಿತು. 2014ರ ಪುಸ್ತಕಗಳಿಂದಲೇ ಆಡಿಸುತ್ತೇನೆ. ನಾಲ್ವರಿದ್ದಾರೆ: ಫೈಟರ್ (ಯೋಧ), ಕ್ಲೆರಿಕ್ (ದೈವಬಲದ ಪೂಜಾರಿ), ರೋಗ್ (ಹೊಂಚಿ ಹೊಡೆಯುವವ), ವಿಝರ್ಡ್ (ಮಾಂತ್ರಿಕ). ಎಲ್ಲರೂ 3ನೇ ಲೆವೆಲ್. ಭಾನುವಾರ ಮೂರು ತಾಸು ಸಿಗುತ್ತದೆ, ಅದರಲ್ಲಿ ಒಂದು ಕಾಳಗ ಮುಗಿದರೆ ಹೆಚ್ಚು. ಒಂದು ವಾರ ಒಂಟಿ ಔಲ್‌ಬೇರ್ (ಗೂಬೆ ಮೋರೆಯ ಕರಡಿ) ಬಿಟ್ಟೆ. ಒಂದೇ ಸಲ ಪರಚಿ ಎರಡನೇ ರೌಂಡಿನಲ್ಲಿ ಸತ್ತಿತು. ಮುಂದಿನ ವಾರ ಮೂರು ಶ್ಯಾಡೋ (ನೆರಳಿನ ರೂಪದ ಅನ್‌ಡೆಡ್, ಅಂದರೆ ಸತ್ತೂ ಓಡಾಡುವ ಜಾತಿ) ಬಿಟ್ಟೆ. ವಿಝರ್ಡ್ ಸತ್ತೇಹೋದ, ಉಳಿದವರು ಓಡಿಹೋದರು. ಪುಸ್ತಕದ ಲೆಕ್ಕದಲ್ಲಿ ಎರಡೂ ‘ಮೀಡಿಯಂ’. ತಪ್ಪಿದ್ದೆಲ್ಲಿ? ಮುಂದಿನ ವಾರಕ್ಕೆ ಅಳತೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಕೂಡುವಿಕೆ ಸರಿಯಾಗಿಯೇ ಇದೆ. ಔಲ್‌ಬೇರ್‌ನ ಸಿಆರ್ (ಚಾಲೆಂಜ್ ರೇಟಿಂಗ್, ಮಾನ್‌ಸ್ಟರ್‌ನ ಬಲದ ಅಳತೆ) 3, ಅಂದರೆ 700 ಎಕ್ಸ್‌ಪಿ (ಅದನ್ನು ಸೋಲಿಸಿದರೆ ಸಿಗುವ ಅನುಭವದ ಅಂಕ). ಶ್ಯಾಡೋ ಸಿಆರ್ 1/2, ತಲೆಗೆ 100. ಮೂರಕ್ಕೆ 300. ಮೂರರಿಂದ ಆರು ಮಾನ್‌ಸ್ಟರ್ ಇದ್ದರೆ ಎರಡರಿಂದ ಗುಣಿಸಬೇಕು, ಅಲ್ಲಿಗೆ 600. 3ನೇ ಲೆವೆಲ್‌ನ ನಾಲ್ವರಿಗೆ ಈಸಿ 300ಕ್ಕೆ, ಮೀಡಿಯಂ 600ಕ್ಕೆ, ಹಾರ್ಡ್ 900ಕ್ಕೆ, ಡೆಡ್ಲಿ 1600ಕ್ಕೆ ಶುರುವಾಗುತ್ತದೆ. ಹಾಗಾಗಿ ಎರಡೂ ಮೀಡಿಯಂ ಸಾಲಿಗೇ ಬಂದವು. ತೊಡಕಿರುವುದು ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಎಂಬಲ್ಲಿ.

ಸಿಆರ್ ಎಂಬ ಅಳತೆ 2000ದ ಮೂರನೇ ಆವೃತ್ತಿಯಲ್ಲಿ ಬಂದದ್ದು. 2014ರ ನಿಯಮದಲ್ಲಿ ಅದರ ಅರ್ಥ ಇಷ್ಟೇ: ಚೆನ್ನಾಗಿ ದಣಿವಾರಿಸಿಕೊಂಡ, ತಕ್ಕ ಆಯುಧವಿರುವ ನಾಲ್ವರು ತಮ್ಮ ಲೆವೆಲ್‌ಗೆ ಸಮನಾದ ಸಿಆರ್‌ನ ಒಂದು ಮಾನ್‌ಸ್ಟರನ್ನು ಯಾರೂ ಸಾಯದೆ ಸೋಲಿಸಬಲ್ಲರು. ಕಾಳಗ ಬಿಗಿಯಾಗಿರುತ್ತದೆ ಅಂತಲೋ ಮೂರು ರೌಂಡ್ ಬಾಳುತ್ತದೆ ಅಂತಲೋ ಅದು ಎಲ್ಲೂ ಮಾತು ಕೊಟ್ಟಿಲ್ಲ. ಮೀಡಿಯಂ ಎಂಬ ಹಣೆಪಟ್ಟಿಯೂ ಒಂಟಿ ಕಾಳಗವನ್ನು ನೋಡಿ ಬರೆದದ್ದಲ್ಲ. ಎರಡು ಲಾಂಗ್ ರೆಸ್ಟ್‌ಗಳ (ಪೂರ್ತಿ ವಿಶ್ರಾಂತಿ) ನಡುವೆ ಆರರಿಂದ ಎಂಟು ಮೀಡಿಯಂ ಅಥವಾ ಹಾರ್ಡ್ ಕಾಳಗ, ಮಧ್ಯೆ ಎರಡು ಶಾರ್ಟ್ ರೆಸ್ಟ್ (ಸಣ್ಣ ವಿರಾಮ) ಎಂಬ ದಿನಚರಿಯ ಮೇಲೆ ಇಡೀ ಪಟ್ಟಿ ನಿಂತಿದೆ. 3ನೇ ಲೆವೆಲ್‌ನ ಒಬ್ಬರಿಗೆ ದಿನದ ಬಜೆಟ್ 1200, ನಾಲ್ವರಿಗೆ 4800. ನಿಮ್ಮ ಔಲ್‌ಬೇರ್ 700. ಇಡೀ ದಿನದ ಕಸುವನ್ನು ಉಳಿಸಿಟ್ಟುಕೊಂಡಿದ್ದ ಪಾರ್ಟಿಯ ಮುಂದೆ ದಿನದ ಏಳನೇ ಒಂದು ಪಾಲನ್ನು ನಿಲ್ಲಿಸಿದ್ದೀರಿ, ಅಷ್ಟೆ.

ಇದನ್ನು ಅಂಕಿಯಲ್ಲೇ ನೋಡೋಣ. ಮುಂದಿನ ಎಲ್ಲಕ್ಕೂ ಬೇಕಾಗುವುದು ಎರಡೇ ಸಂಖ್ಯೆ: ನಿಮ್ಮ ಪಾರ್ಟಿ ಒಂದು ರೌಂಡಿನಲ್ಲಿ (ಎಲ್ಲರಿಗೂ ಒಂದೊಂದು ಸರದಿ) ಎಷ್ಟು ಎಚ್‌ಪಿ (ಹಿಟ್ ಪಾಯಿಂಟ್, ಜೀವದ ಅಂಕ) ಇಳಿಸುತ್ತದೆ, ಮಾನ್‌ಸ್ಟರ್‌ಗಳು ಒಂದು ರೌಂಡಿನಲ್ಲಿ ಎಷ್ಟು ಇಳಿಸುತ್ತವೆ.

ಮೊದಲು ಪಾರ್ಟಿ. ಡ್ಯುಯೆಲಿಂಗ್ ಶೈಲಿಯ ಫೈಟರ್ ಲಾಂಗ್‌ಸೋರ್ಡ್ ಬೀಸಿದರೆ 1ಡಿ8+5 (ಎಂಟು ಮುಖದ ಒಂದು ದಾಳದ ಅಂಕಿಗೆ 5 ಸೇರಿಸಿ), ಸರಾಸರಿ 9.5. ರೋಗ್‌ನ ಶಾರ್ಟ್‌ಬೋ 1ಡಿ6+3, ಸ್ನೀಕ್ ಅಟ್ಯಾಕ್ 2ಡಿ6, ಕೂಡಿದರೆ 13.5. ವಿಝರ್ಡ್‌ನ ಫೈರ್ ಬೋಲ್ಟ್ 5.5, ಕ್ಲೆರಿಕ್‌ನ ಸೇಕ್ರೆಡ್ ಫ್ಲೇಮ್ 4.5. ಒಟ್ಟು 33. ಏಟು ಬೀಳಿಸಲು +5 ಇರುವವರು ಎಸಿ (ಆರ್ಮರ್ ಕ್ಲಾಸ್, ಏಟು ತಗುಲಲು ಮುಟ್ಟಬೇಕಾದ ಅಂಕಿ) 13ರ ಎದುರು ಡಿ20ಯಲ್ಲಿ 8 ಅಥವಾ ಮೇಲೆ ಉರುಳಿಸಬೇಕು, ಅಂದರೆ ನೂರಕ್ಕೆ 65. ಸೇಕ್ರೆಡ್ ಫ್ಲೇಮ್ ಸೇವ್ (ತಪ್ಪಿಸಿಕೊಳ್ಳಲು ಎದುರಾಳಿ ಉರುಳಿಸುವ ದಾಳ) ಕೇಳುವ ಸ್ಪೆಲ್ (ಮಂತ್ರ), ಆದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಹಾಗಾಗಿ ಸ್ಪೆಲ್ ಸ್ಲಾಟ್ (ದೊಡ್ಡ ಮಂತ್ರಗಳಿಗೆ ದಿನಕ್ಕಿಷ್ಟೇ ಎಂದಿರುವ ಅವಕಾಶ) ಮುಟ್ಟದೆ ರೌಂಡಿಗೆ ಸುಮಾರು 21 ಎಚ್‌ಪಿ.

ಅದೇ ನಾಲ್ವರು ಏನನ್ನೂ ಉಳಿಸಿಕೊಳ್ಳದೆ ಮೇಲೆ ಬಿದ್ದರೆ? ಫೈಟರ್ ಆಕ್ಷನ್ ಸರ್ಜ್ ಬಳಸಿ ಎರಡು ಸಲ ಬೀಸುತ್ತಾನೆ, 19. ರೋಗ್ ಮತ್ತದೇ 13.5. ವಿಝರ್ಡ್ ಸ್ಕಾರ್ಚಿಂಗ್ ರೇ ಎಸೆಯುತ್ತಾನೆ, ಮೂರು ಕಿರಣಕ್ಕೆ 21. ಕ್ಲೆರಿಕ್ ಗೈಡಿಂಗ್ ಬೋಲ್ಟ್, 14. ಒಟ್ಟು 67.5, ಅದರ ನೂರಕ್ಕೆ 65 ಎಂದರೆ 44. ಔಲ್‌ಬೇರ್‌ಗೆ ಇರುವುದು 59 ಎಚ್‌ಪಿ. ಮೊದಲ ರೌಂಡಿನಲ್ಲಿ 44 ಹೋಯಿತು, ಉಳಿದ 15ಕ್ಕೆ ಎರಡನೇ ರೌಂಡಿನ ಅರ್ಧ ಸಾಕು. ನಿಮ್ಮ ಮೇಜಿನಲ್ಲಿ ನಡೆದದ್ದು ಇದೇ.

21 ಮತ್ತು 44. ಒಂದೇ ಪಾರ್ಟಿ, ಒಂದಕ್ಕೆ ಎರಡರಷ್ಟು ಅಂತರ. 3ನೇ ಲೆವೆಲ್‌ನ ಕ್ಲೆರಿಕ್ ಮತ್ತು ವಿಝರ್ಡ್ ಇಬ್ಬರ ಬಳಿಯೂ ನಾಲ್ಕು ಮೊದಲ ಹಂತದ, ಎರಡು ಎರಡನೇ ಹಂತದ ಸ್ಲಾಟ್, ಒಟ್ಟು ಹನ್ನೆರಡು. ಕಾಳಗ ಒಂದೇ ಎಂದು ಆಟಗಾರರಿಗೆ ಗೊತ್ತಿದ್ದರೆ (ಎರಡು ಭಾನುವಾರ ಕಳೆದ ಮೇಲೆ ಗೊತ್ತಾಗಿಯೇ ಇರುತ್ತದೆ) ಉಳಿಸಿಕೊಳ್ಳುವ ಕಾರಣವೇ ಇಲ್ಲ. ಹಾಗಾಗಿ ಏನನ್ನಾದರೂ ಅಳೆಯುವ ಮೊದಲು ಈ ಕಾಳಗಕ್ಕೆ ಬರುತ್ತಿರುವುದು 44ರ ಪಾರ್ಟಿಯೋ 21ರ ಪಾರ್ಟಿಯೋ ಎಂದು ಕೇಳಿಕೊಳ್ಳಿ.

ಈಗ ಇನ್ನೊಂದು ಕಡೆ. ಫೈಟರ್‌ಗೆ 31, ಕ್ಲೆರಿಕ್ ಮತ್ತು ರೋಗ್‌ಗೆ ತಲಾ 24, ವಿಝರ್ಡ್‌ಗೆ 20 ಎಚ್‌ಪಿ ಎಂದಿಟ್ಟುಕೊಳ್ಳೋಣ, ಒಟ್ಟು 99. ನಿಮ್ಮವರ ನಿಜವಾದ ಅಂಕಿ ಹಾಕಿಕೊಳ್ಳಿ, ಹತ್ತಿಪ್ಪತ್ತು ಆಚೀಚೆ ಇದ್ದರೂ ವಾದ ಬದಲಾಗದು. ಎಸಿ ಸರಾಸರಿ 16. ಔಲ್‌ಬೇರ್ ಕೊಕ್ಕು ಮತ್ತು ಉಗುರು ಎರಡನ್ನೂ ಬಳಸಿ +7ರಲ್ಲಿ ಹೊಡೆಯುತ್ತದೆ. ಎರಡೂ ತಗುಲಿದರೆ 24.5, ನೂರಕ್ಕೆ 60 ತಗುಲಿದರೆ ಸರದಿಗೆ ಸುಮಾರು 15. ಒಂದೇ ಸರದಿ ಸಿಕ್ಕಿತು, 99ರಲ್ಲಿ 15 ಹೋಯಿತು. ಯಾರಿಗೂ ಬಿಸಿ ತಟ್ಟಲಿಲ್ಲ.

ಒಂಟಿ ಮಾನ್‌ಸ್ಟರ್‌ನ ಪಾಡು ಯಾವಾಗಲೂ ಇದು. ನಾಲ್ಕು ಸರದಿಯ ಎದುರು ಅದಕ್ಕೆ ಒಂದು ಸರದಿ. ಮಿಸುಕಾಡದಂತೆ ಹಿಡಿದಿಡುವ ಸ್ಪೆಲ್ ಒಂದು ಹತ್ತಿಬಿಟ್ಟರೆ ಅದೂ ಇಲ್ಲ. ದೊಡ್ಡ ಡ್ರ್ಯಾಗನ್‌ಗಳಿಗೆ ಲೆಜೆಂಡರಿ ಆಕ್ಷನ್ (ಇತರರ ಸರದಿಯ ಕೊನೆಗೂ ಹೊಡೆಯುವ ಅವಕಾಶ), ಲೆಜೆಂಡರಿ ರೆಸಿಸ್ಟೆನ್ಸ್ (ತಪ್ಪಿದ ಸೇವ್ ಗೆದ್ದಂತೆ ಮಾಡುವ ಶಕ್ತಿ) ಕೊಟ್ಟಿರುವುದು ಈ ಕೊರತೆ ತುಂಬಲೆಂದೇ. ಸಿಆರ್ ಏರಿಸಿ ಒಂಟಿ ಶತ್ರುವನ್ನು ಬಲಪಡಿಸುವುದು ಹೊಸ ಡಿಎಂಗಳ ಮೊದಲ ಯೋಚನೆ, ಮತ್ತು ಕೆಟ್ಟ ಯೋಚನೆ. ಎಚ್‌ಪಿ ಜೊತೆಗೆ ಒಂದೊಂದು ಏಟಿನ ಭಾರವೂ ಏರುತ್ತದೆ, ಸರದಿ ಮಾತ್ರ ಒಂದೇ ಉಳಿಯುತ್ತದೆ. ಫಲ: ಕಾಳಗ ಜೂಜಾಗುತ್ತದೆ. ಕಡಿಮೆ ಲೆವೆಲ್‌ನಲ್ಲಿ ಇದು ಇನ್ನೂ ಮಾರಕ. 1ನೇ ಲೆವೆಲ್‌ನ ವಿಝರ್ಡ್‌ಗೆ 8 ಎಚ್‌ಪಿ. ಓಗರ್ ಎಂಬ ರಾಕ್ಷಸನ ಗದೆ 2ಡಿ8+4. ಒಂದೇ ಏಟಿನಲ್ಲಿ 16 ಅಥವಾ ಹೆಚ್ಚು ಬಿದ್ದರೆ ಸೊನ್ನೆಗಿಳಿದ ಮೇಲೂ ಪೂರ್ತಿ ಎಚ್‌ಪಿಯಷ್ಟು ಡ್ಯಾಮೇಜ್ ಉಳಿಯುವುದರಿಂದ ಡೆತ್ ಸೇವ್ (ಬಿದ್ದವರು ಬದುಕುಳಿಯಲು ಉರುಳಿಸುವ ದಾಳ) ಇಲ್ಲದೆ ನೇರ ಸಾವು. ತಗುಲಿದ ನೂರು ಏಟಿನಲ್ಲಿ ಇದು 23 ಸಲ ನಡೆಯುತ್ತದೆ, ಕ್ರಿಟಿಕಲ್ (ಡ್ಯಾಮೇಜ್ ದಾಳ ಎರಡರಷ್ಟಾಗುವ ಏಟು) ಲೆಕ್ಕಕ್ಕೆ ತೆಗೆದುಕೊಳ್ಳದೆಯೇ. ಯಾವ ಮಾನ್‌ಸ್ಟರನ್ನು ಆರಿಸಿದರೂ ಅದರ ಒಂದು ಏಟಿನ ಗರಿಷ್ಠ ಡ್ಯಾಮೇಜನ್ನು ನಿಮ್ಮ ಅತಿ ದುರ್ಬಲ ಪಾತ್ರದ ಎಚ್‌ಪಿಯ ಎರಡರಷ್ಟರ ಪಕ್ಕದಲ್ಲಿ ಇಟ್ಟು ನೋಡುವ ರೂಢಿ ಒಳ್ಳೆಯದು. ಗರಿಷ್ಠವೇ ಹೆಚ್ಚಿದ್ದರೆ ಆ ಮಾನ್‌ಸ್ಟರ್ ಇನ್ನೊಂದು ಲೆವೆಲ್ ಕಾಯಲಿ.

ಬದಲಿಗೆ ಸಂಖ್ಯೆ ಹೆಚ್ಚಿಸಿದರೆ? ಅಲ್ಲಿಯೂ ಹುಷಾರು ಬೇಕು, ಏಕೆಂದರೆ ಸಂಖ್ಯೆ ನಾವು ಅಂದುಕೊಂಡಷ್ಟು ನಿಧಾನವಾಗಿ ಬೆಳೆಯುವುದಿಲ್ಲ. ರೌಂಡಿಗೊಂದು ಮಾನ್‌ಸ್ಟರ್ ಸಾಯುತ್ತದೆ, ಸಾಯುವ ಮುನ್ನ ಆ ರೌಂಡಿನಲ್ಲಿ ಹೊಡೆದಿರುತ್ತದೆ ಎಂದಿಟ್ಟುಕೊಳ್ಳಿ. ಒಂದಿದ್ದರೆ ಒಟ್ಟು ಒಂದು ಏಟು. ಎರಡಿದ್ದರೆ 2+1, ಮೂರು ಏಟು. ನಾಲ್ಕಿದ್ದರೆ ಹತ್ತು. ಎಂಟಿದ್ದರೆ 36. ತಲೆ ಎರಡರಷ್ಟಾದರೆ ಹಾನಿ ನಾಲ್ಕರಷ್ಟರ ಹತ್ತಿರ ಹೋಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಫ್ರೆಡರಿಕ್ ಲಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಸೇನೆಗಳ ಬಗ್ಗೆ ಹೇಳಿದ್ದೂ ಇದನ್ನೇ: ದೂರದಿಂದ ಹೊಡೆದಾಡುವ ಪಡೆಗಳ ಬಲ ಅವುಗಳ ಸಂಖ್ಯೆಯ ವರ್ಗದಂತೆ ಏರುತ್ತದೆ.

450 ಎಕ್ಸ್‌ಪಿಯನ್ನು ಎರಡು ಬಗೆಯಲ್ಲಿ ಖರ್ಚು ಮಾಡಿ ನೋಡಿ. ಒಂದು ಓಗರ್: 59 ಎಚ್‌ಪಿ, ಎಸಿ 11, +6ರಲ್ಲಿ ಸರಾಸರಿ 13. ಎಸಿ 16ರ ಎದುರು ಸರದಿಗೆ ಸುಮಾರು 7 ಎಚ್‌ಪಿ ಇಳಿಸುತ್ತದೆ. ಎಸಿ ಕಡಿಮೆಯಾದ್ದರಿಂದ ಸ್ಲಾಟ್ ಬಳಸದ ನಿಮ್ಮ ಪಾರ್ಟಿಯೂ ಮೂರು ರೌಂಡಿನಲ್ಲಿ ಅದನ್ನು ಮಲಗಿಸುತ್ತದೆ. ಹಾನಿ ಹೆಚ್ಚೆಂದರೆ 21. ಇನ್ನೊಂದು ಬಗೆ, ಒಂಬತ್ತು ಗಾಬ್ಲಿನ್: ತಲಾ 7 ಎಚ್‌ಪಿ, ಎಸಿ 15, +4ರಲ್ಲಿ 1ಡಿ6+2. ಒಟ್ಟು ಎಚ್‌ಪಿ 63, ಓಗರ್‌ನಷ್ಟೇ ಅನ್ನಿ. ಒಂದೊಂದು ಗಾಬ್ಲಿನ್ ಸರದಿಗೆ ಸರಾಸರಿ 2.5 ಇಳಿಸುತ್ತದೆ, ಮೊದಲ ರೌಂಡಿನಲ್ಲಿ ಒಂಬತ್ತೂ ಸೇರಿ 22. ನಾಲ್ಕು ಏಟಿನಲ್ಲಿ ಎರಡು ಗಾಬ್ಲಿನ್ ಬಿದ್ದರೆ ಅದು ಒಳ್ಳೆಯ ರೌಂಡ್. 9+7+5+3+1, ಒಟ್ಟು 25 ಏಟು, 62 ಎಚ್‌ಪಿ. ಓಗರ್‌ನ ಮೂರು ಪಟ್ಟು. ಮಧ್ಯೆ ಯಾರಾದರೂ ಬಿದ್ದರೆ ಗಾಬ್ಲಿನ್ ಸಾಯುವ ವೇಗವೂ ಕುಸಿಯುತ್ತದೆ, 62 ಎಂಬುದು 80 ಆಗುವುದು ಹೀಗೆ.

2014ರ ಪುಸ್ತಕ ಇದನ್ನು ಬಲ್ಲದು. ಅದಕ್ಕೇ ಎರಡು ಮಾನ್‌ಸ್ಟರ್‌ಗೆ 1.5, ಮೂರರಿಂದ ಆರಕ್ಕೆ 2, ಏಳರಿಂದ ಹತ್ತಕ್ಕೆ 2.5, ಹನ್ನೊಂದರಿಂದ ಹದಿನಾಲ್ಕಕ್ಕೆ 3, ಮೇಲೆ 4 ಎಂಬ ಗುಣಕಗಳಿವೆ. ಒಂಬತ್ತು ಗಾಬ್ಲಿನ್‌ಗಳು 1125 ಆಗಿ ಹಾರ್ಡ್ ಸಾಲಿಗೆ ಏರುತ್ತವೆ. 2024ರ ಪುಸ್ತಕ ಗುಣಕವನ್ನು ಕೈಬಿಟ್ಟಿದೆ. ಸಾಲುಗಳೂ ಲೋ, ಮಾಡರೇಟ್, ಹೈ ಎಂದು ಮೂರೇ. 3ನೇ ಲೆವೆಲ್‌ನ ಒಬ್ಬರಿಗೆ 150, 225, 400. ಅಂಕಿ ನೋಡಿದರೆ ಹಳೆಯ ಮೀಡಿಯಂ, ಹಾರ್ಡ್, ಡೆಡ್ಲಿಗಳೇ ಹೆಸರು ಬದಲಿಸಿಕೊಂಡು ಬಂದಿವೆ. ಲೆಕ್ಕ ಸರಳವಾಯಿತು, ನಿಜ. ಆದರೆ ಹೊಸ ಪಟ್ಟಿಯಲ್ಲಿ ಒಂಬತ್ತು ಗಾಬ್ಲಿನ್ 450 ಆಗಿಯೇ ಉಳಿದು, ಲೋ ಗೆರೆಯಾದ 600ನ್ನೂ ಮುಟ್ಟುವುದಿಲ್ಲ. ಪಾತ್ರವೊಂದಕ್ಕೆ ಎರಡಕ್ಕಿಂತ ಹೆಚ್ಚು ಮಾನ್‌ಸ್ಟರ್ ಬಂದರೆ ಬೇಗ ಸಾಯುವಂಥವನ್ನೇ ಆರಿಸಿ ಎಂಬ ಎಚ್ಚರಿಕೆ ಹೊಸ ಪುಸ್ತಕದಲ್ಲಿದೆ. ಹೊಸ ಪುಸ್ತಕ ಕೊಂಡರೂ ತಲೆ ಎಣಿಸುವ ಅಭ್ಯಾಸ ಬಿಡಬೇಡಿ ಎನ್ನುವುದು ನನ್ನ ಸಲಹೆ.

ಗುಂಪಿಗೆ ಒಂದೇ ಮದ್ದು, ಒಮ್ಮೆಗೇ ಹಲವರಿಗೆ ತಗಲುವ ಏರಿಯಾ ಸ್ಪೆಲ್. ವಿಝರ್ಡ್ ಮೊದಲ ಸರದಿಯಲ್ಲೇ ಸ್ಲೀಪ್ ಹಾಕಿದರೆ 5ಡಿ8, ಸರಾಸರಿ 22 ಎಚ್‌ಪಿಯಷ್ಟು ಮಾನ್‌ಸ್ಟರ್ ನಿದ್ದೆಗೆ; ಅಂದರೆ ಮೂರು ಗಾಬ್ಲಿನ್ ಮಲಗಿದವು. ಒಂಬತ್ತರ ಕಾಳಗ ಆರರ ಕಾಳಗವಾಯಿತು. ಅದೇ ಸ್ಪೆಲ್ ಎರಡು ರೌಂಡ್ ತಡವಾಗಿ ಬಂದರೆ ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿರುತ್ತದೆ. ಗುಂಪಿನ ಕಾಳಗದಲ್ಲಿ ಇನಿಷಿಯೇಟಿವ್‌ಗೆ (ಯಾರ ಸರದಿ ಮೊದಲು ಎಂಬುದಕ್ಕೆ) ಇರುವ ಬೆಲೆ ಒಂಟಿ ಓಗರ್‌ನ ಎದುರು ಇಲ್ಲ. ಗಾಬ್ಲಿನ್‌ಗಳು ಹೊಂಚು ಹಾಕಿ ಸರ್ಪ್ರೈಸ್ ಗಿಟ್ಟಿಸಿದರೆ 2014ರ ನಿಯಮದಲ್ಲಿ ಬೆಚ್ಚಿಬಿದ್ದವರ ಮೊದಲ ಸರದಿಯೇ ಹೋಗುತ್ತದೆ. ಅಂದರೆ ಪುಕ್ಕಟೆಯಾಗಿ 22 ಎಚ್‌ಪಿ. ಹೊಂಚಿನ ಕಾಳಗವನ್ನು ಒಂದು ಸಾಲು ಮೇಲಿನದು ಎಂದೇ ಎಣಿಸಿ.

ಇನ್ನು ನಿಮ್ಮ ಶ್ಯಾಡೋಗಳು. ಮೇಲಿನ ಲೆಕ್ಕಕ್ಕೂ ಸಿಗದ ಜಾತಿ ಅದು. ತಲಾ 16 ಎಚ್‌ಪಿ, ಎಸಿ 12, ನೋಡಲು ಬಡಕಲು. ಆದರೆ ಮಾಂತ್ರಿಕವಲ್ಲದ ಆಯುಧದ ಏಟು ಅದಕ್ಕೆ ಅರ್ಧ. ಬೆಂಕಿ, ಹಿಮ, ಮಿಂಚು, ಆಮ್ಲ, ಗುಡುಗು ಎಲ್ಲವೂ ಅರ್ಧ. ಫೈಟರ್‌ನ ಕತ್ತಿ, ರೋಗ್‌ನ ಬಾಣ, ವಿಝರ್ಡ್‌ನ ಫೈರ್ ಬೋಲ್ಟ್ ಮೂರೂ ಒಮ್ಮೆಲೇ ಅರ್ಧಕ್ಕಿಳಿದವು. ಅತ್ತ ಅದರ ಒಂದೊಂದು ಏಟು 9 ನೆಕ್ರೋಟಿಕ್ ಡ್ಯಾಮೇಜ್ ಜೊತೆಗೆ 1ಡಿ4 ಸ್ಟ್ರೆಂತ್ (ಮೈಬಲದ ಅಂಕಿ) ಕೂಡ ಹೀರುತ್ತದೆ. ಸ್ಟ್ರೆಂತ್ ಸೊನ್ನೆಯಾದರೆ ಸಾವು, ಡೆತ್ ಸೇವ್ ಇಲ್ಲ. ವಿಝರ್ಡ್‌ಗಳು ಸಾಮಾನ್ಯವಾಗಿ ಸ್ಟ್ರೆಂತ್‌ಗೆ 8 ಹಾಕಿ ಕೈತೊಳೆದುಕೊಂಡಿರುತ್ತಾರೆ. ಮೇಜ್ ಆರ್ಮರ್ ಎಂಬ ರಕ್ಷಾಮಂತ್ರ ಹೊದ್ದ ಎಸಿ 15ರ ವಿಝರ್ಡ್‌ನ ಮೇಲೆ ಮೂರೂ ಬಿದ್ದರೆ ರೌಂಡಿಗೆ ಒಂದೂವರೆ ಏಟು ತಗುಲಿ ಸ್ಟ್ರೆಂತ್ 3.75 ಇಳಿಯುತ್ತದೆ. ಮೂರನೇ ರೌಂಡಿಗೆ ಕಥೆ ಮುಗಿಯಿತು. ಅದೇ ಮೂರು ಶ್ಯಾಡೋ ಸ್ಟ್ರೆಂತ್ 16ರ ಫೈಟರ್‌ನನ್ನು ಸುತ್ತಿಕೊಂಡಿದ್ದರೆ ನಿಮಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. (ಸತ್ತ ವಿಝರ್ಡ್ ಈವಿಲ್ ಅಲ್ಲದಿದ್ದರೆ ನಿಯಮದ ಪ್ರಕಾರ 1ಡಿ4 ತಾಸಿನಲ್ಲಿ ಅವನ ಹೆಣದಿಂದ ಹೊಸ ಶ್ಯಾಡೋ ಏಳುತ್ತದೆ. ಮುಂದಿನ ಕಥೆಗೆ ಬೇಕಾದರೆ ಇಟ್ಟುಕೊಳ್ಳಿ.)

ಈ ಕಾಳಗಕ್ಕೆ ಕೀಲಿ ಪಾರ್ಟಿಯ ಕೈಯಲ್ಲೇ ಇತ್ತು. ಶ್ಯಾಡೋಗೆ ರೇಡಿಯಂಟ್ (ದಿವ್ಯ ಬೆಳಕಿನ) ಡ್ಯಾಮೇಜ್ ಎರಡರಷ್ಟು ಬೀಳುತ್ತದೆ, ಹಾಗಾಗಿ ಸ್ಲಾಟ್ ಬೇಡದ ಏಟುಗಳಲ್ಲಿ ಸೇಕ್ರೆಡ್ ಫ್ಲೇಮ್‌ನದೇ ಭಾರ ಹೆಚ್ಚು. ಮ್ಯಾಜಿಕ್ ಮಿಸೈಲ್‌ಗೆ ಯಾವ ತಡೆಯೂ ಇಲ್ಲ, ತಪ್ಪುವುದೂ ಇಲ್ಲ, 10.5. ಅನ್‌ಡೆಡ್‌ಗಳನ್ನು ಓಡಿಸುವ ಕ್ಲೆರಿಕ್‌ನ ಟರ್ನ್ ಅನ್‌ಡೆಡ್‌ನ ಡಿಸಿ (ಸೇವ್ ಗೆಲ್ಲಲು ಮುಟ್ಟಬೇಕಾದ ಅಂಕಿ) 13 ಆಗಿದ್ದರೆ ಮೂರರಲ್ಲಿ ಸರಾಸರಿ ಎರಡು ಶ್ಯಾಡೋ ಓಡುತ್ತವೆ. ಕ್ಲೆರಿಕ್ 5ನೇ ಲೆವೆಲ್ ಆದ ದಿನ ಸೇವ್ ತಪ್ಪಿದ ಸಿಆರ್ 1/2ರ ಅನ್‌ಡೆಡ್‌ಗಳು ಓಡುವ ಬದಲು ಅಲ್ಲೇ ನಾಶವಾಗುತ್ತವೆ. ಒಂದೇ ಮೂರು ಶ್ಯಾಡೋ, ಕ್ಲೆರಿಕ್ ಇಲ್ಲದ ಪಾರ್ಟಿಗೆ ಯಮ, 5ನೇ ಲೆವೆಲ್‌ನ ಕ್ಲೆರಿಕ್‌ಗೆ ಒಂದು ಸರದಿಯ ಕೆಲಸ. ಸಿಆರ್‌ಗೆ ಇದನ್ನು ಹೇಳುವ ಬಾಯಿಲ್ಲ, ಏಕೆಂದರೆ ಅದು ಮುಖ್ಯವಾಗಿ ಎಚ್‌ಪಿ, ಎಸಿ, ಏಟಿನ ಬೋನಸ್, ಡ್ಯಾಮೇಜ್ ಇವುಗಳಿಂದ ಕಟ್ಟಿದ ಸಂಖ್ಯೆ.

ಹೀಗಾಗಿ ಸ್ಟ್ಯಾಟ್ ಬ್ಲಾಕ್ (ಮಾನ್‌ಸ್ಟರ್‌ನ ವಿವರಪಟ್ಟಿ) ಓದುವಾಗ ಸಿಆರ್ ಬದಿಗಿಟ್ಟು ಎಚ್‌ಪಿಯನ್ನು ದಾಟಿ ಕೊಲ್ಲುವ ಅಥವಾ ಸರದಿ ಕಸಿಯುವ ಸಾಲು ಎಲ್ಲಿದೆ ಎಂದು ಹುಡುಕಿ. ಗೂಲ್‌ನ ಉಗುರು ತಗುಲಿದರೆ ಡಿಸಿ 10 ಕಾನ್‌ಸ್ಟಿಟ್ಯೂಶನ್ ಸೇವ್, ತಪ್ಪಿದರೆ ಪ್ಯಾರಲೈಸ್, ಆಮೇಲೆ ಹತ್ತಿರದಿಂದ ಬಿದ್ದ ಪ್ರತಿ ಏಟೂ ಕ್ರಿಟಿಕಲ್. ಎಲ್ಫ್‌ಗಳಿಗೆ ಮಾತ್ರ ಅದು ಹತ್ತುವುದಿಲ್ಲ. ಬ್ಯಾನ್‌ಶೀ ಸಿಆರ್ 4, ಆದರೆ ಅದರ ಚೀರಾಟಕ್ಕೆ ಡಿಸಿ 13 ಸೇವ್ ತಪ್ಪಿದವರು ನೇರ ಸೊನ್ನೆ ಎಚ್‌ಪಿಗೆ ಇಳಿಯುತ್ತಾರೆ. ನಾಲ್ವರಲ್ಲಿ ಇಬ್ಬರು ತಪ್ಪಿದರೆ ಅರ್ಧ ಪಾರ್ಟಿ ನೆಲದ ಮೇಲೆ. ಇಂಟಲೆಕ್ಟ್ ಡಿವೌರರ್ ಸಿಆರ್ 2, ಇಂಟೆಲಿಜೆನ್ಸ್ 8 ಇರುವ ಫೈಟರ್‌ನನ್ನು ಒಂದೇ ಸರದಿಯಲ್ಲಿ ಬುದ್ಧಿಶೂನ್ಯ ಮಾಡಬಲ್ಲದು. ಸತ್ತವರನ್ನು ಎಬ್ಬಿಸುವ ರಿವಿವಿಫೈ ಮೂರನೇ ಹಂತದ ಸ್ಪೆಲ್, ಕ್ಲೆರಿಕ್‌ಗೆ ದಕ್ಕುವುದು 5ನೇ ಲೆವೆಲ್‌ನಲ್ಲಿ, ಅದಕ್ಕೂ 300 ಚಿನ್ನದ ನಾಣ್ಯದ ವಜ್ರ ಬೇಕು. 3ನೇ ಲೆವೆಲ್‌ನ ಸಾವು ಸಾವೇ. ಇಂಥ ಮಾನ್‌ಸ್ಟರ್‌ಗಳನ್ನು ಬಿಡಬಾರದೆಂದಲ್ಲ. ಬಿಡುವ ಮೊದಲು ಅದರ ಗುಣ ಪಾರ್ಟಿಗೆ ಗೊತ್ತಾಗುವ ದಾರಿ ಇಟ್ಟಿರಬೇಕು. ಗಾಯವಿಲ್ಲದೆ ಒಣಗಿ ಸತ್ತ ಕಾವಲುಗಾರ, ಬೆಳಕಿರುವ ಕೋಣೆಗೆ ಮಾತ್ರ ಬಾರದ ನೆರಳು, ಊರ ಗುಡಿಯವಳ ಒಂದು ಮಾತು. ಸುಳಿವಿಲ್ಲದೆ ಬಿಟ್ಟರೆ ಎರಡು ಸಾಲು ಮೇಲೆ ಎಣಿಸಿ.

ಮುಂದಿನ ಭಾನುವಾರಕ್ಕೆ ಒಂದನ್ನು ಕಟ್ಟಿ ತೋರಿಸುತ್ತೇನೆ. ಒಂದು ಓಗರ್, ಅದನ್ನು ಮುಂದೆ ಛೂ ಬಿಟ್ಟು ಹಿಂದಿನಿಂದ ಬಾಣ ಬಿಡುವ ನಾಲ್ಕು ಗಾಬ್ಲಿನ್. 450+200, ಐದು ತಲೆಗೆ ಗುಣಕ 2, ಒಟ್ಟು 1300, ಹಾರ್ಡ್. ಎಚ್‌ಪಿ 59+28, 87. ಸ್ಲಾಟ್ ಬಳಸದ ಪಾರ್ಟಿ ಮೊದಲು ಗಾಬ್ಲಿನ್‌ಗಳನ್ನು ಮುಗಿಸುತ್ತದೆ ಎಂದುಕೊಂಡರೆ ಮೊದಲ ರೌಂಡಿನಲ್ಲಿ ಅವರಿಗೆ 17, ಎರಡನೆಯದರಲ್ಲಿ 12, ಆಮೇಲೆ ಓಗರ್ ಬೀಳುವವರೆಗೆ 7, 7, 7. ಐದು ರೌಂಡ್, 50 ಎಚ್‌ಪಿ, ಪಾರ್ಟಿಯ ಅರ್ಧ. ನನ್ನ ಕಣ್ಣಳತೆ ಹೀಗಿದೆ: ಮಾನ್‌ಸ್ಟರ್‌ಗಳು ಒಟ್ಟಾರೆ ಪಾರ್ಟಿಯ ಎಚ್‌ಪಿಯ ಕಾಲು ಭಾಗ ಇಳಿಸಿದರೆ ಕಾಳಗ ಹಗುರ. ಅರ್ಧ ಇಳಿಸಿದರೆ ಬಿಗಿ, ಒಬ್ಬರು ಬೀಳಬಹುದು. ಮುಕ್ಕಾಲು ದಾಟಿದರೆ ದಾಳ ಸ್ವಲ್ಪ ಮುನಿದರೂ ಎಲ್ಲರೂ ಹೋಗುತ್ತಾರೆ. ರೌಂಡುಗಳ ಲೆಕ್ಕದಲ್ಲಿ ಮೂರರಿಂದ ಐದು ಹಿತ. ಏಳು ದಾಟಿದ ಕಾಳಗದಲ್ಲಿ ಗೆಲುವು ಖಚಿತವಾದ ಮೇಲೂ ದಾಳ ಉರುಳಿಸುತ್ತ ಕೂರಬೇಕಾಗುತ್ತದೆ, ಮೂರು ತಾಸಿನ ನಿಮ್ಮ ಆಟಕ್ಕೆ ಅದು ದುಬಾರಿ.

ಆದರೆ ಆ 50 ಬಂದದ್ದು ದಣಿದ ಪಾರ್ಟಿಯ ಲೆಕ್ಕದಲ್ಲಿ. ನಿಮ್ಮವರು 44ರ ಪಾರ್ಟಿ. ಮೊದಲ ರೌಂಡಿನಲ್ಲೇ ಸ್ಲೀಪ್ ಬಿದ್ದರೆ ಹಾನಿ 25–30ಕ್ಕೆ ಇಳಿಯುತ್ತದೆ. ಹಾಗಾಗಿ ಎರಡನೇ ಅಲೆ ಬೇಕು: ಮೂರನೇ ರೌಂಡಿನ ಕೊನೆಗೆ ಇನ್ನೊಂದು ಓಗರ್ ಮತ್ತು ಎರಡು ಗಾಬ್ಲಿನ್, ಗದ್ದಲ ಕೇಳಿ ಹಿಂಬದಿಯಿಂದ. ಇದು 450+100, ಗುಣಕ 2, ಒಟ್ಟು 1100. ಪುಸ್ತಕ ಅಲೆಗಳನ್ನು ಬೇರೆಬೇರೆಯಾಗಿ ಎಣಿಸಲು ಹೇಳುತ್ತದೆ. ಜೊತೆಗೆ, ಒಟ್ಟು ದಿನದ ಬಜೆಟ್‌ನ ಮೂರನೇ ಒಂದನ್ನು ದಾಟಿದರೆ ಕಾಳಗ ಬಿಡಿ ಲೆಕ್ಕಕ್ಕಿಂತ ಕಷ್ಟವಾಗುತ್ತದೆ ಎಂದೂ ಎಚ್ಚರಿಸುತ್ತದೆ, ಏಕೆಂದರೆ ನಡುವೆ ಶಾರ್ಟ್ ರೆಸ್ಟ್ ಇಲ್ಲ. ಇಲ್ಲಿ ಎರಡೂ ಸೇರಿ 2400, 4800ರ ಅರ್ಧ. ಒಂದೇ ಕಾಳಗದ ದಿನಕ್ಕೆ ಅಷ್ಟು ಬೇಕು. ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರೆ ಎರಡು ಓಗರ್, ಆರು ಗಾಬ್ಲಿನ್ ಮೊದಲ ರೌಂಡಿನಲ್ಲೇ 29 ಇಳಿಸುತ್ತಿದ್ದವು. ಅಲೆಯಾಗಿ ಬಂದರೆ ಅದು ಎಂದೂ ಆಗದು.

ಅಲೆಯ ಇನ್ನೊಂದು ಉಪಯೋಗ, ಅದರ ಹೊತ್ತು ನಿಮ್ಮ ಕೈಯಲ್ಲಿರುತ್ತದೆ. ಪಾರ್ಟಿ ಸೋಲುತ್ತಿದ್ದರೆ ಎರಡನೇ ಓಗರ್ ಐದನೇ ರೌಂಡಿಗೆ ಬರಲಿ, ಅಥವಾ ಬಾರದೇ ಇರಲಿ. ಮೊದಲ ಅಲೆ ಒಂದೇ ರೌಂಡಿನಲ್ಲಿ ಹಾರಿಹೋದರೆ ಎರಡಕ್ಕೇ ಬರಲಿ. ಕಾಳಗದ ನಡುವೆ ಗುಟ್ಟಾಗಿ ಎಚ್‌ಪಿ ಏರಿಸುವುದು, ಪರದೆಯ ಹಿಂದೆ ದಾಳದ ಅಂಕಿ ತಿರುಚುವುದು ನನಗೆ ಒಪ್ಪಿಗೆಯಲ್ಲ. ಆಟಗಾರರಿಗೆ ಒಮ್ಮೆ ಅನುಮಾನ ಬಂದರೆ ಆಮೇಲೆ ಯಾವ ಗೆಲುವೂ ಅವರದೆನಿಸುವುದಿಲ್ಲ. ಎಚ್‌ಪಿ ಬದಲಿಸುವುದೇ ಆದರೆ ಮೊದಲೇ ಬದಲಿಸಿ. ಓಗರ್‌ನ 59 ಎಂಬುದು 7ಡಿ10+21ರ ಸರಾಸರಿ; 28ರಿಂದ 91ರವರೆಗೆ ಯಾವುದನ್ನಾದರೂ ಬರೆದುಕೊಂಡು ಕೂರುವುದು ನಿಯಮದೊಳಗಿನದೇ.

ಗುಂಪು ದೊಡ್ಡದಾಗಿ ಕಾಣಬೇಕು ಆದರೆ ಕೊಲ್ಲಬಾರದು ಎಂದಾದರೆ 2008ರ ನಾಲ್ಕನೇ ಆವೃತ್ತಿಯ ಮಿನಿಯನ್ ಎರವಲು ತನ್ನಿ: ಒಂದೇ ಎಚ್‌ಪಿ, ತಗುಲಿದ ಏಟಿಗೆ ಸಾವು, ನಾಲ್ಕು ಮಿನಿಯನ್ ಸೇರಿ ಒಂದು ಸಾಮಾನ್ಯ ಮಾನ್‌ಸ್ಟರ್‌ಗೆ ಸಮ. ಹಲವರು ಎಚ್‌ಪಿಯನ್ನು ಮಾತ್ರ ಒಂದಕ್ಕಿಳಿಸಿ ಏಟನ್ನು ಹಾಗೇ ಬಿಡುತ್ತಾರೆ. ಮೂಲದಲ್ಲಿ ಮಿನಿಯನ್‌ನ ಡ್ಯಾಮೇಜ್ ಕೂಡ ಸಣ್ಣ, ನಿಶ್ಚಿತ ಅಂಕಿ. ಗಾಬ್ಲಿನ್ ಮಿನಿಯನ್‌ಗೆ 2 ಎಂದು ಇಟ್ಟುಬಿಡಿ, ಡ್ಯಾಮೇಜ್ ದಾಳ ಉರುಳಿಸುವ ಹೊತ್ತೂ ಉಳಿಯುತ್ತದೆ.

ಯಾರು ಯಾರನ್ನು ಹೊಡೆಯುತ್ತಾರೆ ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ, ಕಾಳಗದ ಭಾರವನ್ನು ಬದಲಿಸುವುದರಲ್ಲಿ ಮಾತ್ರ ಅದೇ ಮುಂದು. ಒಂದು ರೌಂಡಿನ 24 ಎಚ್‌ಪಿ ನಾಲ್ವರಿಗೆ ಹಂಚಿದರೆ ತಲಾ 6, ಯಾರೂ ಬೀಳುವುದಿಲ್ಲ. ವಿಝರ್ಡ್ ಒಬ್ಬನ ಮೇಲೇ ಬಿದ್ದರೆ ಅವನು ನೆಲಕ್ಕೆ. ಇದನ್ನು ಮನಸ್ಸಿಗೆ ಬಂದಂತೆ ಮಾಡಬೇಡಿ, ಮಾನ್‌ಸ್ಟರ್‌ನ ಸ್ವಭಾವಕ್ಕೆ ಕಟ್ಟಿಹಾಕಿ. ಪ್ರಾಣಿ ಹತ್ತಿರದವರನ್ನು ಕಚ್ಚುತ್ತದೆ. ಓಗರ್ ತನಗೆ ಹೊಡೆದವರನ್ನು ಹೊಡೆಯುತ್ತದೆ. ಗಾಬ್ಲಿನ್‌ಗಳು ಹೊಡೆದು, ನಿಂಬಲ್ ಎಸ್ಕೇಪ್ ಬಳಸಿ ಮರೆಗೆ ಸರಿಯುತ್ತವೆ. ತರಬೇತಿ ಪಡೆದ ಹಾಬ್‌ಗಾಬ್ಲಿನ್ ಪಡೆ ಮಾತ್ರ ಮೊದಲು ವಿಝರ್ಡ್‌ನನ್ನು ಹುಡುಕುತ್ತದೆ, ಆಗ ಆ ಕಾಳಗವನ್ನು ಒಂದು ಸಾಲು ಮೇಲೆ ಎಣಿಸಿ. ಬಿದ್ದವರಿಗೆ ಹೊಡೆಯುವುದು ಇನ್ನೊಂದೇ ಹಂತ: ಐದು ಅಡಿಯೊಳಗಿನಿಂದ ತಗುಲಿದ ಏಟು ಕ್ರಿಟಿಕಲ್, ಒಮ್ಮೆಗೇ ಎರಡು ಡೆತ್ ಸೇವ್ ಸೋಲು. ಹಸಿದ ಗೂಲ್ ಹಾಗೆ ಮಾಡೀತು. ಮಿಕ್ಕವಕ್ಕೆ ಎದುರು ನಿಂತವರೇ ಮುಖ್ಯ.

ಎಲ್ಲ ಮಾನ್‌ಸ್ಟರೂ ಸಾಯುವವರೆಗೆ ಕಾದಾಡಲೇಬೇಕೆಂದೂ ಇಲ್ಲ. 1981ರ ಬೇಸಿಕ್ ನಿಯಮಗಳಲ್ಲಿ ಮೊದಲ ಸಾವಾದಾಗ ಮತ್ತು ಅರ್ಧ ಗುಂಪು ಬಿದ್ದಾಗ 2ಡಿ6 ಉರುಳಿಸಿ ಧೈರ್ಯ ಪರೀಕ್ಷಿಸುವ ಪದ್ಧತಿ ಇತ್ತು. 2014ರ ಪುಸ್ತಕದಲ್ಲೂ ಡಿಸಿ 10 ವಿಸ್ಡಮ್ ಸೇವ್ ರೂಪದಲ್ಲಿ ಐಚ್ಛಿಕ ನಿಯಮವಾಗಿ ಇದೆ. ಬಳಸಿ. ಎರಡು ಗಾಬ್ಲಿನ್ ಉಳಿದಾಗ ಓಡಿಹೋದರೆ ನಿಮ್ಮ ಕಾಳಗದ ಕೊನೆಯ ಎರಡು ರೌಂಡ್ ಉಳಿಯುತ್ತದೆ. ಪಾರ್ಟಿ ಓಡುವುದು ಅಷ್ಟು ಸುಲಭವಲ್ಲ. ಪಾರ್ಟಿಯ ವೇಗ ಸಾಮಾನ್ಯವಾಗಿ 30 ಅಡಿ, ಗಾಬ್ಲಿನ್‌ಗೂ ಅಷ್ಟೇ, ಓಗರ್‌ಗೆ 40; ಬಿಟ್ಟು ಹೊರಟರೆ ಬೆನ್ನಿಗೆ ಪುಕ್ಕಟೆ ಏಟು (ಆಪರ್ಚುನಿಟಿ ಅಟ್ಯಾಕ್), ಬಿದ್ದ ಗೆಳೆಯರನ್ನು ಹೊತ್ತರೆ ವೇಗ ಇನ್ನೂ ಕುಗ್ಗಬಹುದು. ಹಾಗಾಗಿ ಹೊರದಾರಿಯನ್ನು ನಕ್ಷೆಯಲ್ಲೇ ಇಡಿ: ಅಗುಳಿ ಹಾಕಬಹುದಾದ ಬಾಗಿಲು, ಕಡಿದರೆ ಬೀಳುವ ಸೇತುವೆ, ಓಗರ್ ನುಗ್ಗಲಾರದ ಬಿರುಕು. ಶ್ಯಾಡೋ ಬಾಗಿಲ ಸಂದಿನಲ್ಲೂ ನುಸುಳುತ್ತದೆ ಎಂಬುದು ನೆನಪಿರಲಿ, ಅಲ್ಲಿ ಬಾಗಿಲು ಕೆಲಸಕ್ಕೆ ಬಾರದು.

ಐದನೇ ಅಥವಾ ಆರನೇ ಆಟಗಾರರು ಸೇರಿದರೆ ಇದ್ದ ಮಾನ್‌ಸ್ಟರನ್ನು ದೊಡ್ಡದು ಮಾಡಬೇಡಿ, ಅದೇ ಜಾತಿಯ ತಲೆ ಸೇರಿಸಿ. ಆರು ಮಂದಿಯಾದರೆ ಗುಣಕದಲ್ಲಿ ಒಂದು ಮೆಟ್ಟಿಲು ಇಳಿಯಬಹುದು. ಯಾರೋ ಬಾರದೆ ಇಬ್ಬರೇ ಉಳಿದ ವಾರ ಒಂದು ಮೆಟ್ಟಿಲು ಏರಿಸಿ ಎಣಿಸಿ. 5ನೇ ಲೆವೆಲ್ ಮುಟ್ಟಿದ ಕೂಡಲೇ ಈ ಉತ್ತರದ ಪಾರ್ಟಿ ಅಂಕಿಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ. ಫೈಟರ್‌ಗೆ ಎರಡನೇ ಏಟು, ಫೈರ್ ಬೋಲ್ಟ್‌ಗೆ ಎರಡನೇ ದಾಳ, ವಿಝರ್ಡ್‌ಗೆ 8ಡಿ6ರ ಫೈರ್‌ಬಾಲ್ ಬರುತ್ತದೆ. ಸರಾಸರಿ 28. ಸೇವ್ ಗೆದ್ದು ಅರ್ಧ ತಿಂದ ಗಾಬ್ಲಿನ್‌ಗೂ 14, ಅದಕ್ಕಿರುವುದು 7. ಆ ದಿನದಿಂದ ಒಟ್ಟಿಗೆ ನಿಂತ ಒಂಬತ್ತು ಗಾಬ್ಲಿನ್‌ಗಳನ್ನು ಕಾಳಗವೆಂದು ಎಣಿಸಬೇಕಿಲ್ಲ.